ಲಂಡನ್ನಿನಿಂದ ಬರುವ ಹೊತ್ತು

ಇಲಕಲ್ಲ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ದೇವಪ್ಪನಿಗೆ ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿರುತ್ತದೆಂಬುದು ಬಾಯಿಪಾಠ. ಹುನಗುಂದದ ಗಾಡಿ ಎಲ್ಲಿ, ಕೆರೂರಿನದು ಯಾವಾಗ ಎಂದರೆ ತಲೆ ಎತ್ತದೆ ಹೇಳುತ್ತಿದ್ದ. ಹೇಳಿದ್ದನ್ನೇ ಮತ್ತೆ ಕೇಳಿದವರಿಗೆ ಮಾತ್ರ ಮಂಗಳಾರತಿ ಆಗುತ್ತಿತ್ತು. ಅಂಥ ಮನುಷ್ಯನ ತಲೆಯನ್ನು ಒಂದು ವಿಮಾನ ಕೆಡಿಸಿಬಿಟ್ಟಿತು ನೋಡಿ.

ಎರಡು ಸಾವಿರದ ನಾಲ್ಕರ ಚಳಿಗಾಲ. ಅವನ ತಂಗಿ ಮಹಾನಂದಾ ಸೀರೆ ನೇಯುವಾಕೆ. ನೇಕಾರರ ಸಂಘದವರು ಅವಳನ್ನು ಲಂಡನ್ನಿನ ಪ್ರದರ್ಶನವೊಂದಕ್ಕೆ ಕಳಿಸಿದ್ದರು. ಅವಳು ಹೋದ ವಾರದೊಳಗೆ ತಾಯಿ ಚಂದವ್ವ ಹಾಸಿಗೆ ಹಿಡಿದಳು. ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದರು. ಮುದುಕಿಗೆ ಒಂದೇ ಹಂಬಲ, ಮಗಳ ಮುಖ ನೋಡಬೇಕು.

ಮಂಗಳವಾರ ಯಾಕೂಬಸಾಬರ ಫೋನ್ ಬೂತಿಗೆ ಮಹಾನಂದಾಳ ಕರೆ ಬಂತು. "ಅಣ್ಣಾ, ನಾಳೆ ಮುಂಜಾನಿ ಹತ್ತಕ್ಕ ವಿಮಾನ ಐತಿ. ಮುಂಬೈಗೆ ಇಳದು ಸಂಜಿ ಬಸ್ಸಿಗೆ ಬರ್ತೇನಿ. ಅವ್ವಗ ಹೇಳು."

ದೇವಪ್ಪ ಅಲ್ಲೇ ಲೆಕ್ಕ ಹಾಕಿದ. ಹೋಗುವಾಗ ವಿಮಾನ ನಸುಕಿನ ಎರಡಕ್ಕೆ ಮುಂಬೈ ಬಿಟ್ಟಿತ್ತು. ಆರಕ್ಕೆ ಲಂಡನ್ನಿಗೆ ಇಳಿದೆ ಎಂದು ತಂಗಿಯೇ ಹೇಳಿದ್ದಳು.

"ನಾಲ್ಕ ತಾಸು! ಹುಬ್ಬಳ್ಳಿಗೆ ಹೋದಂಗ ಆತಲ್ರಿ ಸಾಬರ! ಹೋದಷ್ಟ ಹೊತ್ತು ಬರಾಕ. ನಾಳೆ ಮಧ್ಯಾಹ್ನ ಎರಡಕ್ಕ ಮುಂಬೈದಾಗ ಇರ್ತಾಳ."

"ಏಳು ಸಾವಿರ ಕಿಲೋಮೀಟರ್ ಐತಂತಲ್ರಿ?" ಸಾಬರಿಗೆ ಅನುಮಾನ.

"ಅದಕ್ಕ ಅದು ವಿಮಾನರಿ, ನಮ್ಮ ಡಕೋಟಾ ಗಾಡಿ ಅಲ್ಲ!"

ಮನೆಗೆ ಬಂದು, "ಅವ್ವಾ, ಗುರುವಾರ ಮುಂಜಾನಿ ಮಗಳು ನಿನ್ನ ಮುಂದ ಇರ್ತಾಳ" ಎಂದ. ಚಂದವ್ವ ಆ ಖುಷಿಗೆ ಎರಡು ಚಮಚ ಗಂಜಿ ಕುಡಿದಳು.

ಗುರುವಾರ ಮುಂಬೈ ಬಸ್ಸು ಬಂತು, ತಂಗಿ ಇಳಿಯಲಿಲ್ಲ. ದೇವಪ್ಪ ಒಳಗೆ ಹತ್ತಿ ಸೀಟು ಸೀಟು ನೋಡಿದ. ಸುಮ್ಮಸುಮ್ಮನೆ ಡ್ರೈವರನನ್ನು ಬೈದ. ಬೂತಿಗೆ ಓಡಿದರೆ ಫೋನು ಕೆಟ್ಟು ಕೂತಿತ್ತು. ವಿಮಾನ ತಪ್ಪಿತೇ? ಬಿತ್ತೇ? ಹತ್ತಕ್ಕೆ ನಾಲ್ಕು ತಾಸು ಕೂಡಿಸಿದರೆ ಎರಡೇ ಅಲ್ಲವೇ? ಎಷ್ಟು ಸಲ ಕೂಡಿಸಿದರೂ ಎರಡೇ ಆಗುತ್ತಿತ್ತು.

"ಬಂದ್ಲೇನೋ?" ಚಂದವ್ವ ಕೇಳಿದಳು.

"ಇಲ್ಲವ್ವಾ. ಯಾಕೋ ಬಂದಿಲ್ಲ."

"ನಾಳೆರ ಬರ್ತಾಳೇನು?"

ಗೊತ್ತಿಲ್ಲದ ವೇಳೆಯನ್ನು ಅವನು ಜನ್ಮದಲ್ಲಿ ಯಾರಿಗೂ ಹೇಳಿದವನಲ್ಲ. "ಗೊತ್ತಿಲ್ಲವ್ವಾ" ಎಂದ. ಮುದುಕಿ ಗೋಡೆಯ ಕಡೆ ಹೊರಳಿದಳು. ಮತ್ತೆ ಗಂಜಿ ಮುಟ್ಟಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಜೀವ ಹೋಯಿತು.

ಶುಕ್ರವಾರ ಅದೇ ಬಸ್ಸಿನಿಂದ ಮಹಾನಂದಾ ಇಳಿದಳು. ಮನೆಯಲ್ಲಿ ತಾಯಿಯ ಹೆಣವನ್ನು ಗೋಡೆಗೆ ಆನಿಸಿ ಕೂಡ್ರಿಸಿದ್ದರು. ಅತ್ತು ಅತ್ತು ಸಾಕಾದ ಮೇಲೆ ದೇವಪ್ಪ ತನ್ನ ಲೆಕ್ಕವನ್ನೂ, ಅವ್ವ ಕೇಳಿದಾಗ ಗೊತ್ತಿಲ್ಲ ಎಂದದ್ದನ್ನೂ ಹೇಳಿದ. ಅವಳೇ ಬಿಡಿಸಿ ಹೇಳಿದಳು. "ಅಲ್ಲಿ ಹತ್ತಾದಾಗ ಇಲ್ಲಿ ಮಧ್ಯಾಹ್ನ ಮೂರೂವರಿ ಆಗಿರ್ತೈತಿ ಅಣ್ಣಾ. ಮ್ಯಾಲೆ ಒಂಬತ್ತು ತಾಸಿನ ಹಾದಿ. ಮುಂಬೈಗೆ ಇಳಿದಾಗ ನಡುರಾತ್ರಿ ಆಗಿತ್ತು. ಸಂಜಿ ಬಸ್ಸು ಹೋಗಿಬಿಟ್ಟಿತ್ತು, ಮರುದಿನದ್ದು ಹಿಡದೆ."

"ಎರಡೂ ಗಡಿಯಾರ ಖರೆ ಅಂದ್ರ ಅದು ಹೆಂಗ? ಹೋಗಾಕ ನಾಲ್ಕು, ಬರಾಕ ಅಷ್ಟೊಂದು?" ದೇವಪ್ಪ ತಲೆ ಹಿಡಿದುಕೊಂಡು ಕೂತ.

ಮಹಾನಂದಾ ತಾಯಿಯ ಪಾದ ಬಿಟ್ಟಿರಲಿಲ್ಲ.

"ಅದು ತಿಳೀಲಿಲ್ಲಂದ್ರ ಇರ್ಲಿ. ನಾಳೆ ಬರ್ತಾಳಂತ ಒಂದು ಸುಳ್ಳರ ಹೇಳಬಾರದಿತ್ತೇನ, ಅಣ್ಣಾ?"