ಒಂದು ಪಾಸ್‌ವರ್ಡ್, ನಾಲ್ಕು ಗ್ರಂಥಾಲಯ

ಪುಸ್ತಕ ಸೂಚಿ ತಯಾರಿಸುವ ಹೊಸ ನಿಯಮಾವಳಿಯನ್ನು ಚಂದಾ ಕಟ್ಟಿದ ಗ್ರಂಥಾಲಯ ಮಾತ್ರ ಕಂಪ್ಯೂಟರಿನಲ್ಲಿ ತೆರೆಯಬೇಕು. ಪಾಸ್‌ವರ್ಡ್ ಹೊರಗೆ ಕೊಡಕೂಡದು. ಜಮಖಂಡಿಯ ಕಾಲೇಜೊಂದು ಚಂದಾ ಕಟ್ಟಿತ್ತು. ಮುಧೋಳ, ಬೀಳಗಿ, ಬನಹಟ್ಟಿಯ ಗ್ರಂಥಾಲಯದವರೂ ಅದರ ಪಾಸ್‌ವರ್ಡಿನಲ್ಲೇ ಕೆಲಸ ನಡೆಸಿದ್ದರು. ಒಮ್ಮೆಗೆ ಒಬ್ಬರಿಗೇ ಪ್ರವೇಶ. ತಪಾಸಣೆಗೆ ಬಂದ ನಾನು ಜಮಖಂಡಿಯ ಆ ಗ್ರಂಥಾಲಯದಲ್ಲಿ ಕೂತಿದ್ದಾಗಲೇ ಬೀಳಗಿಯ ಗ್ರಂಥಪಾಲಕನ ಫೋನು ಬಂತು; ದನಿ ನನಗೂ ಕೇಳುವಷ್ಟು ಜೋರು.

“ಮಹಾದೇವಿ ಅಕ್ಕಾರ, ಲಗೂನ ಹೊರಗ ಬರ್ರಿ, ನಾ ಒಳಗ ಹೋಗಬೇಕು!”

ಪಾಸ್‌ವರ್ಡ್ ಈಗಲೇ ಬದಲಿಸಿ ಎಂದೆ, ಎದುರಿಗಿದ್ದ ಗ್ರಂಥಪಾಲಕಿ ಮಹಾದೇವಿಯವರಿಗೆ.

“ಸರ, ಸೂಚಿ ಹೊಸ ನಿಯಮದಾಗ ಇರಲಿಲ್ಲಂದ್ರ ಅವರ ಗ್ರಾಂಟ್ ನಿಲ್ಲತೈತ್ರಿ. ಚಂದಾ ಕಟ್ಟಿದ್ರ ಪುಸ್ತಕ ತಗೊಳ್ಳಾಕ ಏನೂ ಉಳಿಯೂದಿಲ್ಲ. ಆಮ್ಯಾಲೆ ಯಾತರ ಸೂಚಿ ಮಾಡೂದ್ರಿ?”

“ನಿಯಮ ಅಂದರೆ ನಿಯಮ.”

“ಆತ್ರಿ.” ಪಾಸ್‌ವರ್ಡ್ ಬದಲಿಸಿದರು. ಆಮೇಲೆ ಫೋನಿನ ಸ್ಪೀಕರ್ ಒತ್ತಿ, “ಪೆನ್ನು ತಗೋಪಾ. ಒಳಗ ಬಿಡೂದಿಲ್ಲ, ಓದಿ ಹೇಳತೇನಿ,” ಎಂದು ಪರದೆಯ ಮೇಲಿನ ಇಂಗ್ಲಿಷ್ ನಿಯಮಗಳನ್ನು ಗಟ್ಟಿಯಾಗಿ ಓದತೊಡಗಿದರು. ಉಚ್ಚಾರದಲ್ಲಾದರೂ ತಿದ್ದೋಣವೆಂದರೆ ಒಂದು ತಪ್ಪೂ ಸಿಗಲಿಲ್ಲ.

“ಇದೂ ತಪ್ಪೇ,” ಎಂದೆ.

“ಹಂಗಾದ್ರ ನನ್ನ ಹೆಸರು ಬರಕೋರಿ,” ಎಂದವರು, ನನ್ನತ್ತ ತಿರುಗದೆಯೇ ಮುಂದಿನ ಸಾಲಿಗೆ ಹೋದರು.