ಮಿಲ್ಟ್ರಿ ಕಾಕಾನ ತಿಪಾಯಿ

ಮೊನ್ನೆ ಅಟ್ಟ ಸ್ವಚ್ಛ ಮಾಡುವಾಗ ಮೂರು ಬಿದಿರಿನ ಕೋಲುಗಳು ಕೈಗೆ ಸಿಕ್ಕವು. ಮೇಲ್ತುದಿಯಲ್ಲಿ ಚರ್ಮದ ಪಟ್ಟಿಯಿಂದ ಬಿಗಿದು ಕಟ್ಟಿದಂಥವು. ಪಟ್ಟಿಯನ್ನು ಮೂಗಿಗೆ ಹಿಡಿದರೆ ಬಂದೂಕಿಗೆ ಹಚ್ಚುವ ಎಣ್ಣೆಯ ವಾಸನೆ ಇನ್ನೂ ಇತ್ತು... ಪಕ್ಕದ ಮನೆಯ ಮಿಲ್ಟ್ರಿ ಕಾಕಾ ನೆನಪಾದರು.

ನಾನು ನಿಪ್ಪಾಣಿಯಿಂದ ಅಥಣಿ ಕಡೆಯ ಸತ್ತಿ ಎಂಬ ಈ ಊರಿಗೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಕೊನೆಗೆ. ಬಾಯಿ ಸುಮ್ಮನಿರದ ಹೆಣ್ಣು ನಾನು. ಎಮ್ಮೆಯ ಜೊತೆ, ಉರಿಯದ ಒಲೆಯ ಜೊತೆ, ಬಾರದ ಬಸ್ಸಿನ ಜೊತೆಯೂ ಜಗಳ. ಅತ್ತೆ ಹಣೆ ಬಡಿದುಕೊಂಡರೆ ಕಾಕಾ ತಮ್ಮ ಕಟ್ಟೆಯ ಮೇಲೆ ಕೂತು ನಗುತ್ತಿದ್ದರು. ಸೊಸೆಗೆ ಮರಾಠಿಯಲ್ಲಿ ಅನ್ನುವಂತೆ ನನ್ನನ್ನು ಸೂನಬಾಯಿ ಅನ್ನುತ್ತಿದ್ದರು. "ಸೂನಬಾಯಿ, ನಿನ್ನ ರೇಡಿಯೋ ಯಾವಾಗ ಬಂದ್ ಆಗತೈತಿ?"

ಅವರು ಸೈನ್ಯದಿಂದ ನಿವೃತ್ತರಾಗಿ ಬಂದವರು. ನಮ್ಮ ಓಣಿಯಲ್ಲಿ ಲೈಸೆನ್ಸ್ ಇದ್ದ ರೈಫಲ್ ಅವರದೊಂದೇ. ಕಬ್ಬಿಗೆ ಹಂದಿ ನುಗ್ಗಿದರೆ ಎಲ್ಲರೂ ಅವರ ಬಾಗಿಲಿಗೇ ಬರುತ್ತಿದ್ದರು. ಆದರೆ ವಯಸ್ಸಾದಂತೆ ಕೈ ನಡುಗತೊಡಗಿತು. ಬಶಿಯಲ್ಲಿನ ಚಹಾ ಅರ್ಧ ಧೋತರದ ಪಾಲು. ಗುರಿ ತಪ್ಪತೊಡಗಿದಾಗ ಚಹಾದಂಗಡಿಯಲ್ಲಿ ಕೂತವರು ಮುಸಿಮುಸಿ ನಕ್ಕರು. ಅದು ಅವರಿಗೆ ಬಹಳ ನಾಟಿತು.

ಆಗ ಕಟ್ಟಿಕೊಂಡದ್ದು ಈ ತಿಪಾಯಿ. ಮೂರು ಕಾಲು ಅಗಲಿಸಿ ನಿಲ್ಲಿಸಿ, ಕವಲಿನಲ್ಲಿ ರೈಫಲ್ ಇಟ್ಟರೆ ನಳಿಕೆ ಮಿಸುಕುತ್ತಿರಲಿಲ್ಲ. ಬದುವಿನ ಮೇಲೆ ಇಟ್ಟಿದ್ದ ಹಳೆಯ ಗಡಿಗೆ ಒಂದೇ ಗುಂಡಿಗೆ ಚೂರಾಯಿತು. ಕಾಕಾನ ಮುಖದಲ್ಲಿ ಮದುಮಗನ ಕಳೆ.

"ಮುದುಕರಿಗೆ ಒಂದ ಕೋಲ ಸಾಕ್ರಿ ಕಾಕಾ, ನಿಮಗ ಮೂರ ಬೇಕಾದುವು ನೋಡ್ರಿ" ಅಂದೆ. ಕೆಮ್ಮು ಬರುವವರೆಗೆ ನಕ್ಕರು.

ಅದೇ ಚಳಿಗಾಲದ ಒಂದು ಮುಂಜಾನೆ. ಇನ್ನೂ ಮಂಜು ಕವಿದಿತ್ತು. ನಾನು ಕರಿ ಕಂಬಳಿ ಹೊದ್ದು, ಕಬ್ಬಿನೊಳಗೆ ಬಗ್ಗಿ ಮೇವು ಕೊಯ್ಯುತ್ತಿದ್ದೆ. ಬೆನ್ನು ಹತ್ತಿ ಬಂದಿದ್ದ ಆಡು ಸೆರಗಿಗೇ ಬಾಯಿ ಹಾಕಿತು. "ನಿನ್ನ ಹೆಣಾ ಎತ್ಲಿ" ಎಂದು ಶುರು ಮಾಡಿದವಳು, ಅದರ ವಂಶವನ್ನೆಲ್ಲ ಜಾಲಾಡಿ ಎದ್ದು ನಿಂತೆ. ಎದುರಿನ ಬದುವಿನ ಮೇಲೆ ತಿಪಾಯಿ ನಿಂತಿತ್ತು. ಅದರ ಮೇಲೆ ರೈಫಲ್. ನಳಿಕೆ ನನ್ನ ಕಡೆಗೇ ಇತ್ತು. ಕಾಕಾ ಪಕ್ಕದಲ್ಲಿ ತಲೆ ಹಿಡಿದುಕೊಂಡು ನೆಲಕ್ಕೆ ಕೂತಿದ್ದರು.

ಓಡಿಹೋದೆ. ಅವರು ತಲೆ ಎತ್ತದೆಯೇ ಅಂದರು.

"ಕರ್ರಗ ಕಾಣಿಸ್ತವ್ವ... ಹಂದೀನ ಅಂದ್ಕೊಂಡೆ. ನಳಿಗಿ ಒಂದೀಟೂ ಅಲಗಾಡಲಿಲ್ಲ. ಇನ್ನೇನ ಒತ್ತಬೇಕು, ನೀ ಬಾಯಿ ತಗದಿ." ಆಮೇಲೆ ಮೆಲ್ಲಗೆ ಅಂದರು, "ಕೈಗೆ ಮೂರ ಕಾಲ ಕೊಟ್ಟೆ. ಕಣ್ಣಿಗೆ ಏನ ಕೊಡ್ಲಿ?"

ನಾನೂ ಅವರ ಪಕ್ಕದಲ್ಲೇ ಕೂತೆ. ಆಡು ನನ್ನ ಮೇವನ್ನು ಆರಾಮಾಗಿ ತಿನ್ನುತ್ತಿತ್ತು.

ಅಂದೇ ಅಥಣಿಯ ಬಸ್ಸು ಹಿಡಿದು, ರೈಫಲನ್ನು ಠಾಣೆಗೆ ಒಪ್ಪಿಸಿ ಬಂದರು. ಮತ್ತೆ ತರಲಿಲ್ಲ. ಕಣ್ಣು ಮಂಜಾಗಿದೆ ಎಂದಷ್ಟೇ ಊರಿಗೆ ಹೇಳಿದರು. ನಾನೂ ಬಾಯಿ ಬಿಡಲಿಲ್ಲ. ಜೀವಮಾನದಲ್ಲಿ ನಾನು ಹೊಟ್ಟೆಯಲ್ಲಿ ಇಟ್ಟುಕೊಂಡ ಮಾತು ಅದೊಂದೇ. ತಿಪಾಯಿಯನ್ನು ನಮ್ಮ ಹಿತ್ತಲಿಗೆ ತಂದಿಟ್ಟು, "ನೀರಿನ ಗಡಿಗಿ ಇಡಾಕ ಆಗತೈತಿ" ಅಂದರು.

ಆಮೇಲೆ ಅವರು ರೇಡಿಯೋ ಬಂದ್ ಮಾಡು ಅನ್ನಲೇ ಇಲ್ಲ. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದರೂ ಕಟ್ಟೆಯಿಂದ ಕೂಗುತ್ತಿದ್ದರು, "ಸೂನಬಾಯಿ, ಅದೀಯೋ ಇಲ್ಲೋ?" ಹೂಂ ಅನ್ನುವವರೆಗೆ ಬಿಡುತ್ತಿರಲಿಲ್ಲ.

ಅವರು ಹೋಗಿ ಎಷ್ಟೋ ವರ್ಷವಾಯಿತು... ಮೊನ್ನೆ ತಿಪಾಯಿಯನ್ನು ಒರೆಸಿ, ಹಿತ್ತಲಲ್ಲಿ ಅದರ ಹಳೆಯ ಜಾಗದಲ್ಲೇ ನಿಲ್ಲಿಸಿದೆ. ಪಕ್ಕದಲ್ಲಿ ಬೇಕೆಂದೇ ಬಾಯಿ ಮುಚ್ಚಿ ಬಹಳ ಹೊತ್ತು ಕೂತೆ. ಯಾರೂ ಕೂಗಲಿಲ್ಲ.