ನಾನು ಒಳಗಿರಲಿಲ್ಲ

ನಾನು ಒಳಗಿರಲಿಲ್ಲ. ನಮ್ಮ ಮನೆಯ ತಲೆಬಾಗಿಲಿನ ಬಲಗಡೆ, ಕಟ್ಟೆಯ ಕೆಳಗೆ, ಅಂಗಳದಲ್ಲಿ ನಿಂತಿದ್ದೆ. ಆಂಧ್ರ ಬೇರೆ ರಾಜ್ಯವಾಗಿ ಎರಡು ವರ್ಷ ತುಂಬುತ್ತ ಬಂದಿತ್ತು. ಮೊಹರಂ ತಿಂಗಳ ಚಂದ್ರ ಕಾಣಬೇಕಾದ ಸಂಜೆ. ಹೊತ್ತು ಇನ್ನೂ ಮುಳುಗಿರಲಿಲ್ಲ. ಎದುರು ಮನೆಯ ಬಣವೆಯ ನೆರಳು ನಮ್ಮ ಅಂಗಳದ ಅರ್ಧದವರೆಗೆ ಬಂದಿತ್ತು. ನನಗೆ ಒಂಬತ್ತು ವರ್ಷ. ನನ್ನ ಎರಡೂ ಕೈಯಲ್ಲಿ ನಮ್ಮ ಮನೆಯ ಗುದ್ದಲಿ ಇತ್ತು.

ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಮಾರನೆಯ ದಿನ ಊರ ಚಾವಡಿಯಲ್ಲಿ ಇದನ್ನೇ ಕೇಳಿದಾಗ ನಾನು ಬೇರೆ ಹೇಳಿದೆ.

ಆಗೆಲ್ಲ ಆದೋನಿ ಸುತ್ತಿನ ಹಳ್ಳಿಗಳಲ್ಲಿ ಪೀರಲ ಹಬ್ಬ, ಎಂದರೆ ಮೊಹರಂ, ಯಾರದು ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮೂರು ಕೌತಾಳಂ ದಾರಿಯಲ್ಲಿದೆ. ನಮ್ಮವರು ಇನ್ನೂ ಅಲ್ಲಿರುವುದರಿಂದ ಹೆಸರು ಬರೆಯುವುದಿಲ್ಲ. ಊರಲ್ಲಿ ಸಾಬರ ಮನೆ ಎಂಟೇ ಎಂಟು. ಆದರೆ ಹಬ್ಬದ ಹತ್ತು ದಿನ ಎಲ್ಲ ಕೇರಿಗೂ ಲೋಬಾನದ ಹೊಗೆಯ ವಾಸನೆ ಹತ್ತಿಕೊಂಡಿರುತ್ತಿತ್ತು. ಪೀರಲ ಗುಡಿಯೊಳಗೆ ಬೆಳ್ಳಿಯ ತಗಡಿನ ಅಂಗೈಗಳು, ಅವಕ್ಕೆ ಪಂಜಾ ಎನ್ನುತ್ತಿದ್ದೆವು, ಹಸಿರು ಕೆಂಪು ಬಟ್ಟೆ ಉಟ್ಟು ಸಾಲಾಗಿ ನಿಲ್ಲುತ್ತಿದ್ದವು. ಗುಡಿಯ ಮುಂದೆ ಒಂದು ಕುಣಿ ತೋಡಿ ಬೆಂಕಿ ಹಾಕಿ, ಅದರ ಸುತ್ತ ಗಂಡಸರು ಹಲಗೆಯ ಸದ್ದಿಗೆ ಹೆಜ್ಜೆ ಹಾಕುತ್ತಿದ್ದರು. ನಾವು ಲಿಂಗ ಕಟ್ಟಿದವರು. ಆದರೂ ಅವ್ವ ಬಟ್ಟಲಲ್ಲಿ ಸಕ್ಕರೆ ಹಾಕಿ ಸೆರಗು ಮುಚ್ಚಿ ಗುಡಿಗೆ ಒಯ್ದು ಅದರ ಮೇಲೆ ಪ್ರಾರ್ಥನೆ ಓದಿಸಿಕೊಂಡು ಬರುತ್ತಿದ್ದಳು. ಆ ಸಕ್ಕರೆಗೆ ಹೊಗೆಯ ರುಚಿ ಇರುತ್ತಿತ್ತು. ಇವತ್ತಿಗೂ ನನ್ನ ನಾಲಿಗೆಗೆ ಆ ರುಚಿ ಗೊತ್ತು.

ನನ್ನ ಹೆಸರು ಪೀರಮ್ಮ. ನನಗಿಂತ ಮುಂಚೆ ಹುಟ್ಟಿದ ಎರಡು ಕೂಸು ಉಳಿಯಲಿಲ್ಲವಂತೆ. ಅಪ್ಪ ಪೀರನಿಗೆ ಹರಕೆ ಹೊತ್ತ ಮೇಲೆ ನಾನು ಉಳಿದೆನಂತೆ. ಸಕ್ಕರೆ ಓದುವ ಮುದುಕರು ಇಮಾಮಜ್ಜ. ನನ್ನನ್ನು ಕಂಡಾಗಲೆಲ್ಲ ಅವರದು ಒಂದೇ ಮಾತು: “ಏ ಪೀರಿ, ನೀ ನಮ್ಮ ಪೀರನ ಮಗಳು. ಉಣ್ಣಾಕ ಮಾತ್ರ ಚೆನ್ನಪ್ಪನ ಮನ್ಯಾಗ ಬಿಟ್ಟೀವಿ.” ಚೆನ್ನಪ್ಪ ಎಂದರೆ ನಮ್ಮಪ್ಪ. ಅಪ್ಪ ನಗುತ್ತ, “ಹಂಗಾದ್ರ ಈಕಿ ಲಗ್ನಾನೂ ನೀವಾ ಮಾಡ್ರಿ ಮಾವಾ,” ಅನ್ನುತ್ತಿದ್ದ. ಅವರು ಮಾವ, ಇವನು ಅಳಿಯ. ಎಂದಿನಿಂದ ಹಾಗೆ ಕರೆಯುತ್ತಿದ್ದರೋ ಯಾರಿಗೂ ಗೊತ್ತಿರಲಿಲ್ಲ.

ಇಮಾಮಜ್ಜನ ಮೊಮ್ಮಕ್ಕಳು ಇಬ್ಬರು. ಖಾಜಾ ಇಪ್ಪತ್ತರ ಹುಡುಗ, ಊರ ಎತ್ತುಗಳಿಗೆಲ್ಲ ಲಾಳ ಕಟ್ಟುವವನು. ಎತ್ತನ್ನು ಕೆಡವಿ, ನಾಲ್ಕೂ ಕಾಲು ಕಟ್ಟಿ, ಬಾಯಲ್ಲಿ ಮೊಳೆ ಕಚ್ಚಿಕೊಂಡು ಒಂದೊಂದನ್ನೇ ಹೊಡೆಯುತ್ತಿದ್ದ, ಒಂದೂ ಸೊಟ್ಟಾಗುತ್ತಿರಲಿಲ್ಲ. ಅವನ ತಂಗಿ ಮಾಬೂಬಿ ನನ್ನ ಓರಗೆಯವಳು. ಹಬ್ಬಕ್ಕೆ ತಿಂಗಳಿರುವಾಗಲೇ ನಾವಿಬ್ಬರೂ ತಿಪ್ಪೆಯ ಹಿಂದೆ ಗೇಣಗಲದ ಕುಣಿ ತೋಡಿ, ಎಕ್ಕದ ಎಲೆಯನ್ನು ಕಡ್ಡಿಗೆ ಚುಚ್ಚಿ ಪೀರ ಮಾಡಿ ಆಡುತ್ತಿದ್ದೆವು. “ನಿನ್ನೆ ನೀ ಹಿಡಿದಿ, ಇವತ್ತು ನಾ ಹಿಡೀತೀನಿ.” “ನಮ್ಮಜ್ಜ ಅದಾನ ಗುಡಿಗೆ, ನಾನಾ ಹಿಡೀಬೇಕು.” “ನನ್ನ ಹೆಸರಾ ಪೀರಿ ಐತಿ, ಹೋಗ!” ಇದು ನಮ್ಮ ಜಗಳ.

ನಮ್ಮ ಮನೆತನಕ್ಕೆ ಒಂದು ಹಕ್ಕಿತ್ತು. ಚಂದ್ರ ಕಂಡ ಸಂಜೆ ಕುಣಿಗೆ ಮೊದಲ ಗುದ್ದಲಿ ಹಾಕುವವರು ನಾವು. ಇಮಾಮಜ್ಜ ಲೋಬಾನದ ಬಟ್ಟಲು ಹಿಡಿದು ಮನೆಗೆ ಬಂದು ಕರೆಯಬೇಕು, ಅಪ್ಪ ಗುದ್ದಲಿ ಹೆಗಲಿಗಿಟ್ಟು ಹೋಗಿ ಮೂರು ಪೆಟ್ಟು ಹಾಕಬೇಕು, ಆಮೇಲೆ ಹಲಗೆ ಬಡಿಯಬೇಕು. ನಾವು ಹಾಕದೆ ಬೇರೆ ಯಾರೂ ಆ ನೆಲ ಮುಟ್ಟುವಂತಿರಲಿಲ್ಲ. ಒಂದು ವರ್ಷ ನನ್ನ ಅಜ್ಜನಿಗೆ ಚಳಿಜ್ವರ ಬಂದು ಏಳಲಾಗದಾಗ ಗುದ್ದಲಿಯನ್ನಷ್ಟೇ ಕಳಿಸಿದ್ದರಂತೆ. ಗುದ್ದಲಿ ಬಂದರೆ ಮನೆ ಬಂದಂತೆ ಎಂದು ಅಂದು ಹಿರಿಯರು ಒಪ್ಪಿದ್ದರು.

ಆ ವರ್ಷ ಊರಿಗೆ ಪಂಚಾಯತಿ ಚುನಾವಣೆ ಬಂತು. ಹತ್ತಿ ವ್ಯಾಪಾರದ ರುದ್ರಪ್ಪ ಪ್ರೆಸಿಡೆಂಟ್ ಆಗಬೇಕೆಂದು ನಿಂತಿದ್ದ. ಎದುರಿಗೆ ತಿಮ್ಮಾರೆಡ್ಡಿ. ಸಾಬರ ಎಂಟು ಮನೆ ಮತ್ತು ಕೆಳಗೇರಿ ತಿಮ್ಮಾರೆಡ್ಡಿಯ ಕಡೆ ಎಂಬುದು ಗುಟ್ಟೇನಾಗಿರಲಿಲ್ಲ. ಉಳಿದವರು ಒಡೆದು ಹೋಗದಂತೆ ಕಟ್ಟುವುದು ರುದ್ರಪ್ಪನಿಗೆ ಬೇಕಿತ್ತು. ಅಪ್ಪನ ಹೆಸರನ್ನು ತನ್ನ ಕಡೆಯಿಂದ ಮೆಂಬರ್ ಸ್ಥಾನಕ್ಕೆ ಕೊಟ್ಟಿದ್ದ. ಶೇಂಗಾ ಹೊಲದ ಕಳೆ ತೆಗೆಯುವ ದಿನಗಳು. ಅಪ್ಪ ಹೊಲದಿಂದ ಬರುವುದನ್ನೇ ಕಾದು ರುದ್ರಪ್ಪ ನಮ್ಮ ಕಟ್ಟೆಯ ಮೇಲೆ ಕೂತಿರುತ್ತಿದ್ದ.

“ಚೆನ್ನಪ್ಪಾ, ನೀ ಅವರ ಕುಣಿ ತೋಡಾಂವ. ಅವರು ನಿನ್ನ ಬಸವಣ್ಣನ ಗುಡಿ ಕಸಾ ಹೊಡೀತಾರೇನು?”

“ಕಾರಹುಣ್ಣಿವಿಗೆ ಊರ ಬಸವಣ್ಣಗೋಳಿಗೆಲ್ಲಾ ಅವರಾ ಲಾಳ ಕಟ್ತಾರಲ್ಲೋ.”

“ಲಾಳ ಕಟ್ತಾರ, ಖರೆ. ಓಟು ಯಾರಿಗೆ ಹಾಕ್ತಾರ?”

ಅಪ್ಪ ಕಾಲಿನ ಮಣ್ಣು ಒರೆಸತೊಡಗಿದ. ರುದ್ರಪ್ಪ ಎದ್ದು ಚಪ್ಪಲಿ ಮೆಟ್ಟುತ್ತ, “ಊರಾಗ ನಿನಗ ಸಾಬರ ಅಳಿಯ ಅಂತಾರ. ಗೊತ್ತೈತೇನು?” ಅಂದ. ಅದು ಊರವರು ಮೊದಲೂ ತಮಾಷೆಗೆ ಅನ್ನುತ್ತಿದ್ದ ಮಾತೇ. ಅಪ್ಪನ ಮುಖ ಕೆಂಪಾಗಿದ್ದು ಅವತ್ತು ಮಾತ್ರ.

ಈಗ ಆ ಸಂಜೆ. ಇಮಾಮಜ್ಜ ಬಂದರು. ಕೈಯಲ್ಲಿ ಬಟ್ಟಲು, ಹಿಂದೆ ಖಾಜಾ, ಅಜ್ಜನ ಅಂಗಿಯ ಚುಂಗು ಹಿಡಿದು ಮಾಬೂಬಿ. ಅಪ್ಪ ಕಟ್ಟೆಯ ಮೇಲೆ ಹೊರಸಿನಲ್ಲಿ ಒರಗಿದ್ದ. ಅವ್ವ ಹಿತ್ತಲಲ್ಲಿದ್ದಳು. ಅಲ್ಲಿದ್ದವರು ನಾವು ಐದೇ ಜನ.

“ಅಳಿಯಾ, ಏಳು. ಚಂದ್ರ ಕಾಣೋ ಹೊತ್ತಾತು.”

“ನನಗ ಮೈ ಸರಿಯಿಲ್ಲ ಸಾಬ್ರೇ.”

ಇಮಾಮಜ್ಜ ನಿಂತಲ್ಲೇ ನಿಂತರು. ಅಪ್ಪನ ಬಾಯಲ್ಲಿ ಅವರು ಮೊದಲ ಸಲ ಮಾವನಾಗಿರಲಿಲ್ಲ. ಬಟ್ಟಲ ಹೊಗೆ ಅವರ ಬಿಳಿ ಗಡ್ಡಕ್ಕೆ ಬಡಿಯುತ್ತಿತ್ತು. ಕೈ ಪಕ್ಕಕ್ಕೆ ಸರಿಸಲಿಲ್ಲ.

“ಮೈ ಸರಿಯಿಲ್ಲಂದ್ರ ಗುದ್ದಲಿ ಕೊಡಪಾ. ನಿಮ್ಮಪ್ಪನೂ ಒಮ್ಮೆ ಗುದ್ದಲಿ ಕಳಿಸಿದ್ದ. ಗುದ್ದಲಿ ಬಂದ್ರ ನೀ ಬಂದಂಗ.”

ಅಪ್ಪ ಹೊರಸಿನಲ್ಲಿ ಮಗ್ಗುಲಾದ. ಆಮೇಲೆ ನನ್ನ ಕಡೆ ನೋಡದೆ, “ಪೀರೀ, ದನದ ಮನ್ಯಾಗ ಗುದ್ದಲಿ ಐತಿ. ತಂದು ಕೊಡು,” ಅಂದ.

ತಂದೆ. ಅಂಗಳದಲ್ಲಿ, ಮೊದಲೇ ಹೇಳಿದ ಜಾಗದಲ್ಲಿ ನಿಂತು, ಖಾಜಾನ ಕೈಗೆ ಕೊಟ್ಟೆ. “ಏ, ಭಾರ ಐತಿ, ಕಾಲಮ್ಯಾಲ ಕೆಡವಿಕೊಂಡೀ,” ಅಂತ ಅವನು ಬಗ್ಗಿ ತೆಗೆದುಕೊಂಡ. ಅವರು ತಿರುಗಿದಾಗ ಅಪ್ಪ ಅಂದ, “ಈ ಸಲ ನಿಮ್ಮವರಾ ಹಾಕ್ಕೊಳ್ರಿ.”

“ಹಂಗ ಅನಬ್ಯಾಡಪಾ,” ಅಂದರು ಇಮಾಮಜ್ಜ. ಆದರೂ ಹೋದರು. ಅವರು ಮಾಡಿದ ತಪ್ಪು ಇದೊಂದೇ. ಬರಿಗೈಯಲ್ಲಿ ಹಿಂದಿರುಗಿದ್ದರೆ ಆ ವರ್ಷ ಹಬ್ಬ ನಿಲ್ಲುತ್ತಿತ್ತು, ಅಷ್ಟೇ. ಗುದ್ದಲಿ ಬಂದರೆ ಮನೆ ಬಂದಂತೆ ಎಂಬುದನ್ನು ಅವರು ಪೂರ್ತಿ ನಂಬಿದ್ದರು.

ನಾನೂ ಮಾಬೂಬಿಯೂ ಹಿಂದೆ ಹೋದೆವು. ಪೀರಲ ಗುಡಿಯ ಮುಂದೆ ಬೇವಿನ ಮರ. ನಾನು ಅದರ ಬುಡದಲ್ಲಿ, ಕುಣಿಯಿಂದ ಹತ್ತು ಹೆಜ್ಜೆ ದೂರ ನಿಂತೆ. ಉಗುರು ಕತ್ತರಿಸಿ ಒಗೆದಷ್ಟು ಚಂದ್ರ ಕಂಡ. ಖಾಜಾ ಮೂರು ಪೆಟ್ಟು ಹಾಕಿದ. ಹಲಗೆ ಇನ್ನೂ ಬಡಿದಿರಲಿಲ್ಲ; ಚಹದ ಅಂಗಡಿಯ ಕಡೆಯಿಂದ ರುದ್ರಪ್ಪ ಮತ್ತು ಆರೇಳು ಜನ ಬಂದರು.

“ಯಾರ ಗುದ್ದಲಿ ಅದು?”

“ಚೆನ್ನಪ್ಪ ಮಾವಂದು,” ಅಂದ ಖಾಜಾ.

“ಅಂವ ಬರಲಾರದ ಅವನ ಗುದ್ದಲಿ ಹೆಂಗ ಬಂತಲೇ?”

“ಅವರಾ ಕೊಟ್ಟಾರ.”

“ಅವರ ಹಕ್ಕು ನಿನಗ ಕೊಡ್ತಾರೇನಲೇ? ಕದ್ದು ತಂದು ಸುಳ್ಳು ಬೊಗಳ್ತಿ!”

ಒಬ್ಬ ಗುದ್ದಲಿ ಕಸಿದುಕೊಂಡ. ಇಬ್ಬರು ಖಾಜಾನನ್ನು ಕೆಡವಿದರು. ಕಸಿದವನು ಗುದ್ದಲಿಯ ಹಿಂಬದಿಯಿಂದ ಅವನ ಬಲ ಮುಂಗೈಗೆ ಎರಡು ಸಲ ಹೊಡೆದ. ಸದ್ದು ದೊಡ್ಡದಾಗಿರಲಿಲ್ಲ. ಒಣಗಿದ ಹತ್ತಿಕಟ್ಟಿಗೆ ಮುರಿದಂತೆ. ಇಮಾಮಜ್ಜನ ಬಟ್ಟಲು ಬಿದ್ದು ಕೆಂಡ ಚೆಲ್ಲಿತು. ಅವರು ಬರಿಗಾಲಲ್ಲಿ ಅದರ ಮೇಲೆಯೇ ನಡೆದು ಮೊಮ್ಮಗನ ಹತ್ತಿರ ಹೋದರು. ಹೊಡೆದವನ ಹೆಸರು ನನಗೆ ಗೊತ್ತು. ಅವನು ಸತ್ತು ಬಹಳ ಕಾಲವಾಯಿತು.

ನಾನು ಕೂಗಬಹುದಿತ್ತು. ಕೂಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ರುದ್ರಪ್ಪ ನಮ್ಮ ಮನೆಗೆ ಬಂದ. ಅವನು ಹೇಳಿದ್ದನ್ನು ಬಾಗಿಲ ಹಿಂದೆ ಕೇಳಿದೆ: “ಚೆನ್ನಪ್ಪಾ, ನೀ ಕೊಟ್ಟೀನಿ ಅಂದ್ರ ನಮ್ಮ ಹುಡುಗರು ಜೈಲಿಗೆ ಹೋಗ್ತಾರ. ಕೊಟ್ಟಿಲ್ಲ ಅಂದ್ರ ಅವರು ಕಳ್ಳರಾಗ್ತಾರ, ನಮ್ಮ ಹಕ್ಕಿಗೆ ಕೈ ಹಾಕಿದವರಾಗ್ತಾರ. ಈಗ ಊರೆಲ್ಲ ನಿನ್ನ ಒಂದು ಮಾತಿನ ಮ್ಯಾಲ ಐತಿ.” ಅಪ್ಪ ಮೊದಲಿನಿಂದಲೂ ಹೀಗೆ ಮಾಡಲೆಂದೇ ಗುದ್ದಲಿ ಕೊಟ್ಟನೇ? ಇಷ್ಟು ವರ್ಷ ಯೋಚಿಸಿದ್ದೇನೆ. ಗೊತ್ತಿಲ್ಲ. ಅವತ್ತು ಅವನು ಉಣ್ಣಲಿಲ್ಲ ಎಂಬುದು ಮಾತ್ರ ಗೊತ್ತು.

ಬೆಳಿಗ್ಗೆ ಚಾವಡಿಗೆ ಕರೆ ಬಂತು. ದಾರಿಯಲ್ಲಿ ಅಪ್ಪ ನನ್ನ ಕೈ ಹಿಡಿದು ನಡೆದ. ಹಾಗೆ ಕೈ ಹಿಡಿಯುವ ರೂಢಿ ಅವನಿಗಿರಲಿಲ್ಲ, ನನಗೆ ಖುಷಿಯಾಯಿತು. “ಯಾರು ಏನ್ ಕೇಳಿದ್ರೂ ನಾ ಒಳಗ ಇದ್ದೆ ಅನ್ನು. ಇಲ್ಲಾಂದ್ರ ನಿಮ್ಮಪ್ಪ ಈ ಊರಾಗ ತಲಿ ಎತ್ತಂಗಿಲ್ಲ,” ಅಂದ.

ಊರ ನ್ಯಾಯ ನೋಡುವ ಮುನಸೀಫರು ತೆಲುಗಿನವರು, ಒಳ್ಳೆಯ ಮನುಷ್ಯ. ಗುದ್ದಲಿ ಕೊಟ್ಟದ್ದೋ ಕದ್ದದ್ದೋ ಎಂದಷ್ಟೇ ಕೇಳಿದರು. ಕದ್ದದ್ದಾದರೆ ಖಾಜಾನ ಮೇಲೆ ಕೌತಾಳಂ ಪೊಲೀಸರಿಗೆ ಬರೆಯಬೇಕು. ಕೊಟ್ಟದ್ದಾದರೆ ಹೊಡೆದವರ ಮೇಲೆ ಬರೆಯಬೇಕು. ಅಪ್ಪ, “ನಾ ಕೊಟ್ಟಿಲ್ಲರಿ,” ಅಂದ. ಖಾಜಾ ಗೋಡೆಗೆ ಒರಗಿ ಕೂತಿದ್ದ; ಮುಂಗೈಗೆ ಬಿದಿರಿನ ದಬ್ಬೆ ಕಟ್ಟಿದ್ದರು, ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಇಮಾಮಜ್ಜ ಅಪ್ಪನನ್ನು ನೋಡಲಿಲ್ಲ. “ಕೂಸನ್ನ ಕೇಳ್ರಿ,” ಅಂದರು. “ಕೂಸಿನ ಕೈಲೇ ಬಂದದ್ದು ಅದು. ಕೂಸು ಹೇಳಿದ್ದಾ ಸಾಕು ನನಗ.”

ಮುನಸೀಫರು ಬಗ್ಗಿ ಕೇಳಿದರು. “ಭಯಪಡಕು ತಲ್ಲೀ, ಹೆದರಬೇಡ. ಚೆಪ್ಪು, ಹೇಳು. ನೀನು ಕೊಟ್ಟಿಯಾ?”

ನಾನು ಅಪ್ಪನ ಕಾಲು ನೋಡಿದೆ. ಎಡಗಾಲಿನ ಹೆಬ್ಬೆರಳು ಚಪ್ಪಲಿಯನ್ನು ಒತ್ತುತ್ತಿತ್ತು.

“ನಾ ಒಳಗ ಇದ್ದೆ,” ಅಂದೆ.

“ಸರಿಯಾಗಿ ಹೇಳಮ್ಮಾ. ಪೀರನ ಹೆಸರಿಟ್ಟುಕೊಂಡವಳು ನೀನು.” ಅವರಿಗೆ ಅನುಮಾನ ಬಂದಿತ್ತು. ಇನ್ನೊಂದು ಸಲ ಕೇಳಿದ್ದರೆ ನಾನು ಅತ್ತು ಎಲ್ಲ ಹೇಳಿಬಿಡುತ್ತಿದ್ದೆ. ಅದು ಇಮಾಮಜ್ಜನಿಗೂ ಕಂಡಿರಬೇಕು. ಅವರು ಕೈ ಎತ್ತಿದರು.

“ಬಿಡ್ರಿ ಸಾಮಿ, ಕೂಸನ್ನ ಜಗ್ಗಬ್ಯಾಡ್ರಿ. ಆಕಿ ಒಳಗ ಇದ್ಲಂತ. ನನಗ ವಯಸ್ಸಾಗೈತಿ, ನಾನಾ ತಪ್ಪಿ ಹೇಳೀನಿ. ಗುದ್ದಲಿ ನಾವಾ ತಗೊಂಡ್ವಿ.”

ಪೀರನ ಮಗಳನ್ನು ಸುಳ್ಳಿನಿಂದ ಬಿಡಿಸಲು ಅವರು ಕಳ್ಳತನ ಒಪ್ಪಿಕೊಂಡರು. ಮೊಮ್ಮಗನನ್ನೂ ಅದರೊಳಗೆ ಕೊಟ್ಟರು. ನನಗೆ ಅದು ಅರ್ಥವಾಗಿದ್ದು ನನಗೆ ಮಕ್ಕಳಾದ ಮೇಲೆ.

ಮುನಸೀಫರು ಪೊಲೀಸರಿಗೆ ಬರೆಯಲಿಲ್ಲ. ಯಾರ ಮೇಲೂ ಬರೆಯಲಿಲ್ಲ. ಆ ವರ್ಷ ಕುಣಿಗೆ ಬೆಂಕಿ ಬೀಳಲಿಲ್ಲ. ಸಾಬರ ಮನೆಗಳವರು ಒಬ್ಬೊಬ್ಬರೇ ಆದೋನಿಗೆ ಹೊರಟರು. ಇಮಾಮಜ್ಜ ಕೊನೆಗೆ ಹೋದರು, ಪಂಜಾಗಳನ್ನು ಹಳೇ ಸೀರೆಯಲ್ಲಿ ಸುತ್ತಿ ಬಂಡಿಯಲ್ಲಿಟ್ಟುಕೊಂಡು. ಬಂಡಿಯ ಎತ್ತುಗಳ ಲಾಳ ಖಾಜಾ ಕಟ್ಟಿದ್ದೇ. ಮತ್ತೆ ಅವನು ಯಾವ ಎತ್ತಿಗೂ ಕಟ್ಟಲಿಲ್ಲ, ಮುಂಗೈ ನೆಟ್ಟಗಾಗಲಿಲ್ಲ. ರುದ್ರಪ್ಪ ಗೆದ್ದ. ಅಪ್ಪ ಮೆಂಬರಾದ. ಮುಂದಿನ ವರ್ಷ ಶಾಲೆಯಲ್ಲಿ ನನ್ನ ಹೆಸರನ್ನು ಪಾರ್ವತಿ ಎಂದು ತಿದ್ದಿಸಿದ.

ಈಗ ಕುಣಿಯಿದ್ದ ಜಾಗಕ್ಕೆ ಸಿಮೆಂಟು ಹಾಕಿದ್ದಾರೆ, ಚುನಾವಣೆ ಬಂದಾಗ ಅಲ್ಲಿ ಪೆಂಡಾಲು ಹಾಕುತ್ತಾರೆ. ನಮ್ಮವರ ಓಟು ಇಷ್ಟು, ಅವರ ಓಟು ಇಷ್ಟು ಎಂದು ಹುಡುಗರು ಗಟ್ಟಿಯಾಗಿಯೇ ಮಾತಾಡಿಕೊಳ್ಳುತ್ತಾರೆ. ಅವರಿಗೆ ಅದು ನಮ್ಮೂರಿನಲ್ಲಿ ಒಂದು ಸಂಜೆ ಶುರುವಾದ ಮಾತು ಎಂದು ಗೊತ್ತಿಲ್ಲ. ಆ ಸೀಮೆಯಲ್ಲಿ ಹೆಣ್ಣುಮಗುವಿಗೆ ಪೀರಮ್ಮ ಎಂದು ಹೆಸರಿಟ್ಟದ್ದನ್ನು ನಾನು ಈಚೆಗೆ ಕೇಳಿಲ್ಲ. ಓದಿಸಿದ ಸಕ್ಕರೆಯ ರುಚಿ ಮೊಮ್ಮಕ್ಕಳಿಗೆ ಹೇಳಲು ಹೋಗಿ ಸುಮ್ಮನಾಗಿದ್ದೇನೆ.

ಆ ಸಂಜೆ ಅಂಗಳದಲ್ಲಿದ್ದ ಐವರಲ್ಲಿ ಅಪ್ಪ ಇಲ್ಲ, ಇಮಾಮಜ್ಜ ಇಲ್ಲ, ಖಾಜಾ ಇಲ್ಲ. ಮಾಬೂಬಿ ಇದ್ದಾಳೆ. ಆದೋನಿಯಲ್ಲಿ, ಹಳೇ ಹತ್ತಿ ಮಿಲ್ಲಿನ ಹಿಂದಿನ ಓಣಿಯಲ್ಲಿ, ಮಗಳ ಮನೆಯಲ್ಲಿ. ಕಣ್ಣು ಮಂಜು. ಹೋದ ವರ್ಷ ಹುಡುಕಿಕೊಂಡು ಹೋದೆ. ಬಾಗಿಲಲ್ಲಿ ಪಾರ್ವತಮ್ಮ ಎಂದು ಹೇಳಿಕೊಂಡೆ, ಗುರುತು ಸಿಗಲಿಲ್ಲ. ಆಮೇಲೆ ಅವಳು ನನ್ನ ಎರಡೂ ಅಂಗೈ ಹಿಡಿದು ತಡವಿದಳು.

“ಪೀರೀ,” ಅಂದಳು. “ಈ ಕೈಲೇ ಕೊಟ್ಟಿದ್ದಿ. ನಾ ಅಜ್ಜನ ಹಿಂದ ನಿಂತು ನೋಡೀನಿ.”